ಹೆಸರು ಆಸ್ತೂರಿಯಾಸ್, ಸ್ವರ ಭೈರವಿ: ಈ ಪಿಯಾನೊ ಹಾಡು ಖರೇನ ಯಾವ ಊರಿಂದು?

ಗುಳೇದಗುಡ್ಡ ಪೇಟಿ:

ಎಲ್ಲಾರಿಗೂ ಶರಣ್ರಿ. ನಾನು ಗುಳೇದಗುಡ್ಡದಾಂವ. ಮನ್ಯಾಗ ಖಣದ ಮಗ್ಗ ಐತಿ. ಸಂಜಿಗೆ ಮಠದ ಭಜನಿಯೊಳಗ ಪೇಟಿ, ಅಂದ್ರ ಹಾರ್ಮೋನಿಯಂ, ಬಾರಸ್ತೀನಿ, ಮೂವತ್ತು ವರ್ಷ ಆತು. ಪಿಯಾನೊ ಕಣ್ಣಿಂದ ಕಂಡದ್ದು ಒಮ್ಮಿ ಅಷ್ಟ. ಕೇಳೂದ್ರಾಗ ತಪ್ಪಿದ್ರ ತಿದ್ದಿ ಹೇಳ್ರಿ.

ನನ್ನ ಮಗಳು ಬೆಳಗಾವ್ಯಾಗ ಕಾಲೇಜಿಗೆ ಹೋಗ್ತಾಳ. ಹೋದ ತಿಂಗಳ ಫೋನಿಗೆ ಒಂದು ರೆಕಾರ್ಡಿಂಗ್ ಕಳಿಸಿದ್ಲು. ಆಕಿ ರೂಮಿನ ಗೆಳತಿ ಪಿಯಾನೊ ಬಾರಿಸಿದ್ದಂತ. "ಅಪ್ಪಾ, ಇದನ್ನ ಪೇಟಿ ಮ್ಯಾಲ ತಗದು ತೋರಸು" ಅಂದ್ಲು. ಹೆಸರು ಆಸ್ತೂರಿಯಾಸ್, ಬರದಾಂವ ಸ್ಪೇನಿನ ಇಸಾಕ್ ಅಲ್ಬೆನಿಜ್ ಅಂತ ಕೆಳಗ ಬರದಿತ್ತು.

ಶುರುವಿನ್ಯಾಗ ಎರಡೂ ಕೈ ಪಾಳಿ ಹಚ್ಚಿ ಬೀಳ್ತಾವ. ಒಂದ ಸ್ವರ ಬಿಡಲಾರದಂಗ ಬಡಕೋಂತ ಇರ್ತೈತಿ, ಅದರ ಸಂದಿನ್ಯಾಗ ಹಾಡು ಒಂದೊಂದ ಹೆಜ್ಜಿ ಇಡ್ತೈತಿ. ಮಗ್ಗದ ಕುಣ್ಯಾಗ ಕುಂತಾಂವಗ ಇದು ಹೊಸಾದಲ್ರಿ. ಲಾಳಿ ಅತ್ತಿಂದ ಇತ್ತ, ಇತ್ತಿಂದ ಅತ್ತ ಒಂದ ಸವನ ಓಡ್ತಿರ್ತೈತಿ, ಹೂವು ಮಾತ್ರ ಎಳಿ ಎಳಿಯಾಗಿ ನಿಧಾನ ಏಳ್ತೈತಿ. ಮೊದಲ ಸಲ ಕೇಳಿದಾಗ ನನ್ನ ಕಾಲು ತಾನ ತುಳಿಯಾಕ ಹೋತು.

ಆ ಬಡಕೊಳ್ಳೂ ಸ್ವರಾನ ಸಾ ಅಂತ ಹಿಡದೆ. ರಿಷಭ ಕೋಮಲ ಬಂತು, ಗಾಂಧಾರ ಕೋಮಲ, ಧೈವತ ನಿಷಾದನೂ ಕೋಮಲ. ಭೈರವಿ! ಭಜನಿ ಮುಗಿಸೂ ಹೊತ್ತಿಗೆ ನಾವು ದಿನಾ ಹಾಡೂ ಭೈರವಿ, ಅಷ್ಟು ದೂರದ ದೇಶದಾಗ. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ನಡಕ ನಡಕ ಗಾಂಧಾರ ಶುದ್ಧ ಆಗ್ತೈತಿ, ಆವಾಗ ವಸಂತಮುಖಾರಿ ರಾಗ ಹಣಿಕಿ ಹಾಕಿದಂಗ ಆಗ್ತೈತಿ.

ಆಮ್ಯಾಲ ಮಗಳು ಆಸ್ತೂರಿಯಾಸ್ ಅಂದ್ರ ಸ್ಪೇನಿನ ಉತ್ತರದ ಒಂದು ಸೀಮಿ ಅಂತ ಹೇಳಿ ಫೋಟೊ ತೋರಿಸಿದ್ಲು. ಅಲ್ಲಿ ಎಲ್ಲಿ ನೋಡಿದ್ರೂ ಹಸರು. ಮಂಜು, ಜಿಟಿಜಿಟಿ ಮಳಿ, ಗುಡ್ಡದ ಮ್ಯಾಲ ಆಕಳ, ಆಚೀಕಡೆ ಸಮುದ್ರ. ನನಗ ಅಲ್ಲೇ ಗಂಟು ಬಿತ್ರಿ. ಈ ಹಾಡು ಕೇಳಿದ್ರ ಬಿಸಲು ಕಾಣ್ತೈತಿ, ಕಾದ ಕಲ್ಲು ಕಾಣ್ತೈತಿ. ಏಪ್ರಿಲ್ ಮಧ್ಯಾಹ್ನ ಬಾದಾಮಿ ಗುಡ್ಡದ ಕೆಂಪು ಬಂಡಿ ಕಾಣ್ತೈತಿ. ಮಳಿನಾಡಿನ ಮಂದಿ ಹಿಂಗ ಹಾಡ್ತಾರೇನು? ಇಲ್ಲಂದ್ರ ಅವರ ಖರೇ ಹಾಡು ಎಂಥಾದು, ಪಿಯಾನೊದಾಗ ಅದು ಎಲ್ಲರ ಉಳದೈತೇನು? ತಿಳದವರು ಹೇಳ್ರಿ.

ಕ್ಯಾಂಪಿನ ಪಿಯಾನೊ:

ಅಣ್ಣಾವ್ರ, ನಮಸ್ಕಾರ. ನಾನು ಬೆಳಗಾವಿ ಕ್ಯಾಂಪಿನಾಗ ಮಕ್ಕಳಿಗೆ ಪಿಯಾನೊ ಕಲಸ್ತೀನಿ. ನಿಮ್ಮ ಕಿವಿ ನಿಮಗ ಸರಿಯಾಗೇ ಹೇಳ್ಯದ. ಆ ಹಾಡು ಆಸ್ತೂರಿಯಾಸಿಂದಲ್ಲ.

1886ರ ಸುಮಾರಿಗೆ ಅಲ್ಬೆನಿಜ್ ಸ್ಪೇನಿನ ಒಂದೊಂದು ಸೀಮಿಗೆ ಒಂದೊಂದು ತುಣುಕು ಅಂತ ಎಂಟು ಪಿಯಾನೊ ತುಣುಕುಗಳ ಒಂದು ಮಾಲಿಕಿ ಯೋಚಿಸಿದ್ದ. ಆದ್ರ ಗ್ರಾನಾದಾ, ಕತಲೋನ್ಯಾ, ಸೆವಿಲ್ಯಾ, ಆಗ ಸ್ಪೇನಿನ ಕೈಯಾಗಿದ್ದ ಕ್ಯೂಬಾ ಈ ನಾಕನ್ನಷ್ಟ ಬರದ. ಉಳದ ನಾಕಕ್ಕ ಬರೇ ಹೆಸರಿದ್ವು, ಸಂಗೀತ ಇರಲಿಲ್ಲ. 1909ರಾಗ ಅಂವ ತೀರಿಕೊಂಡ ಮ್ಯಾಲ ಜರ್ಮನಿಯ ಪ್ರಕಾಶಕರು ಆ ಖಾಲಿ ಹೆಸರುಗಳ ಕೆಳಗ ಅವನವೇ ಬ್ಯಾರೆ ತುಣುಕು ತಂದು ಕೂಡಿಸಿ, ಎಂಟೂ ಪೂರ್ತಿ ಅಂತ ಅಚ್ಚು ಹಾಕಿದ್ರು. ನೀವು ಕೇಳಿದ್ದು ಅದಕ್ಕೂ ಮೊದಲ, 1890ರ ದಶಕದಾಗ, ಬ್ಯಾರೆ ಒಂದು ಮಾಲಿಕಿಯ ಮೊದಲನೇ ತುಣುಕಾಗಿ ಬಂದಿತ್ತು. ಅಲ್ಲಿ ಅದರ ಹೆಸರು ಬರೇ ಪ್ರೆಲ್ಯೂಡ್, ಅಂದ್ರ ಪೀಠಿಕಿ. ಆಸ್ತೂರಿಯಾಸ್ ಅಂತ ಅಲ್ಬೆನಿಜ್ ಅದನ್ನ ಕರದಾಂವಲ್ಲ.

ಅದರೊಳಗಿನ ಸಂಗೀತ ಪೂರಾ ದಕ್ಷಿಣದ ಆಂದಲೂಸಿಯಾದ್ದು, ಫ್ಲಾಮೆಂಕೊ ಅನ್ನೋ ಹಾಡು ಕುಣಿತದ ಸೀಮಿದು. ಅಲ್ಲಿ ಬಿಸಲು ಅದ, ಕಾದ ಕಲ್ಲು ಅದ. ನಿಮಗ ಕಂಡದ್ದು ಸುಳ್ಳಲ್ಲ.

ಇನ್ನ ನೀವು ಹೇಳಿದ ಆ ಬಡಕೊಳ್ಳೋ ಸ್ವರ. ಅದು ಗಿಟಾರಿನ ಚಾಳಿ. ಗಿಟಾರಿನವರು ಹೆಬ್ಬೆರಳಿಲೆ ದಪ್ಪ ತಂತಿ ಮ್ಯಾಲ ಹಾಡು ಎತ್ತಿಕೋತ, ಉಳದ ಬೆರಳಿಲೆ ಸಣ್ಣ ತಂತಿ ಒಂದನ್ನ ಮಿಡೀತ ಇರ್ತಾರ. ಅಲ್ಬೆನಿಜ್ ಗಿಟಾರಿಗೆ ಏನೂ ಬರೀಲಿಲ್ಲ, ಆ ಬೆರಳಾಟನ ಪಿಯಾನೊಕ್ಕ ತಂದ. ಮುಂದ ಆಂದ್ರೆಸ್ ಸೆಗೋವಿಯಾನಂಥಾ ಗಿಟಾರ್ ಕಲಾವಿದರು ಇದನ್ನ ಮತ್ತ ಗಿಟಾರಿಗೇ ಒಯ್ದು ಜಗತ್ತಿಗೆಲ್ಲ ಕೇಳಿಸಿದ್ರು. ಹೀಂಗಾಗಿ ಇದು ಗಿಟಾರಿನ ಹಾಡು ಅಂತನ ಭಾಳ ಮಂದಿ ತಿಳಕೊಂಡಾರ.

ಕಾಗದದ ಮ್ಯಾಲ ಅದರ ಶ್ರುತಿ ಜಿ ಮೈನರ್, ಬಡಕೊಳ್ಳೋ ಸ್ವರ ಡಿ. ಜಿ ಮೈನರಿನ ಸ್ವರಗಳನ್ನ ಡಿ ಇಂದ ಎಣಿಸಿದ್ರ ನಿಮ್ಮ ಭೈರವಿನೇ ಬರ್ತದ. ನಾವು ಪಿಯಾನೊದವರು ಅದನ್ನ ಫ್ರಿಜಿಯನ್ ಅಂತೀವಿ. ಇಷ್ಟು ವರ್ಷ ಕಲಿಸಿದ್ರೂ ನನಗ ಅದು ಭೈರವಿ ಅಂತ ಹೊಳದಿರಲಿಲ್ಲ. ನಿನ್ನೆ ನಿಮ್ಮ ಮಾತು ಓದಿ ಪಿಯಾನೊದ ಮುಂದ ಕೂತು, ಡಿ ಹಿಡಕೊಂಡು ಹಾಡಿ ನೋಡಿದೆ. ಮೈ ಝುಂ ಅಂತು.

ಪೇಟಿ ಮ್ಯಾಲ ಇದನ್ನ ತಗಿಯೂದು ಯಾಕ ತ್ರಾಸು ಅನ್ನೋದೂ ಹೇಳ್ತೀನಿ. ಪಿಯಾನೊದಾಗ ಹಲಗಿ ಒತ್ತಿದ್ರ ಒಳಗ ಉಣ್ಣಿಯ ಸುತ್ತಿಗಿ ತಂತಿಗೆ ಬಡದು ತಿರುಗಿ ಬೀಳ್ತದ. ನಾದ ಹುಟ್ಟಿದ ಗಳಿಗಿಯಿಂದನ ಸಾಯಾಕ ಹತ್ತತದ, ಅದಕ್ಕ ಮತ್ತ ಮತ್ತ ಬಡೀಬೇಕು. ಪೇಟ್ಯಾಗ ಗಾಳಿ ಇರೂತನಕ ಸ್ವರ ನಿಂತಿರ್ತದ, ಬಡಿಯೋ ಜರೂರಿನೇ ಇಲ್ಲ. ನನ್ನ ಪಿಯಾನೊಕ್ಕೂ ಈಗ ತ್ರಾಸ ಅದ ಬಿಡ್ರಿ. ಬೆಳಗಾವಿ ಮಳಿಗೆ ಉಣ್ಣಿ, ಕಟಗಿ ಎಲ್ಲಾ ಉಬ್ಬಿ, ಒತ್ತಿದ ಹಲಗಿ ಮ್ಯಾಲ ಏಳೂದ ಇಲ್ಲ. ಜುಲೈ ತಿಂಗಳು ಪೂರಾ ಪಿಯಾನೊದ ಕೆಳಗಿನ ಮುಚ್ಚಳ ತಗದು ಒಳಗ ಒಂದು ಸಣ್ಣ ಬಲ್ಬ್ ಹಚ್ಚಿ ಇಡ್ತೀನಿ. ಈ ತುಣುಕಿನ್ಯಾಗ ಅಂಟಿದ ಹಲಗಿ ಒಂದ ಇದ್ರೂ ಸಾಕು, ಮಗು ಅಳಾಕ ಬರ್ತದ.

ಉತ್ತರದ ಖರೇ ಹಾಡಿನ ಬಗ್ಗೆ ಬ್ಯಾರೆಯವರು ಬರೀಲಿ. ನಾನೂ ಮತ್ತ ಬರ್ತೀನಿ.

ಗುಮ್ಮಟದ ಕಿವಿ, ವಿಜಯಪುರ:

ಕಾಕಾ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ಒಂದು ತಕರಾರೂ ಇದೆ.

ಮೊದಲು ಸೇರಿಸುವ ಮಾತು. ಆ ತುಣುಕಿನ ನಡುವೆ ಬಡಿತವೆಲ್ಲ ನಿಂತು ಒಂದೇ ಒಂದು ಹಾಡು ಬರುತ್ತದಲ್ಲ, ಅಲ್ಲಿ ಎರಡು ಕೈಗಳು ಒಂದೇ ಸ್ವರವನ್ನು ಎರಡು ಸಪ್ತಕದಷ್ಟು ದೂರದಲ್ಲಿ ಹಿಡಿಯುತ್ತವೆ. ನಡುವೆ ಏನೂ ಇಲ್ಲ. ನಮ್ಮ ಗೋಳಗುಮ್ಮಟದ ಮೇಲಿನ ಪಡಸಾಲೆಯಲ್ಲಿ ಬೆಳಿಗ್ಗೆ ಜನ ಬರುವ ಮುಂಚೆ ನಿಂತು ಮೆಲ್ಲಗೆ ಒಂದು ಸ್ವರ ಹೇಳಿ ನೋಡಿ. ಅದು ಗೋಡೆ ಹಿಡಿದು ಹೋಗಿ ಬೇರೆ ಯಾರದೋ ದನಿಯಾಗಿ ವಾಪಸು ಬರುತ್ತದೆ. ಆ ಖಾಲಿ ಜಾಗವನ್ನು ಹತ್ತು ಬೆರಳಿನಲ್ಲಿ ತಂದಿಟ್ಟವನು ಸಣ್ಣ ಕಲಾವಿದನಲ್ಲ.

ಈಗ ತಕರಾರು. "ಇದು ಉತ್ತರದ್ದಲ್ಲ" ಎಂದು ಹೇಳಿ ಕೈ ತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅಲ್ಬೆನಿಜ್ ಹುಟ್ಟಿದ್ದೇ ಉತ್ತರದಲ್ಲಿ. 1860ರಲ್ಲಿ ಕತಲೋನ್ಯಾದ ಕಾಂಪ್ರೊದೋನ್ ಎಂಬ ಊರಲ್ಲಿ, ಪಿರೆನೀಸ್ ಬೆಟ್ಟಸಾಲಿನ ಮಡಿಲಲ್ಲಿ. ಸತ್ತದ್ದು ಅದೇ ಬೆಟ್ಟಗಳ ಫ್ರಾನ್ಸಿನ ಕಡೆ, ಬಾಸ್ಕ್ ಸೀಮೆಯ ಕಾಂಬೊದಲ್ಲಿ. ಕೊನೆಯ ವರ್ಷಗಳಲ್ಲಿ ಮೂತ್ರಪಿಂಡದ ಕಾಯಿಲೆಯ ನಡುವೆ ಬರೆದ ಇಬೇರಿಯಾ ಅವನ ದೊಡ್ಡ ಕೆಲಸ. ಅದರ ಹನ್ನೆರಡು ತುಣುಕುಗಳಲ್ಲಿ ಬಹುಪಾಲು ಆಂದಲೂಸಿಯಾದವು. ಉತ್ತರದ ಮನುಷ್ಯ ಜೀವನವಿಡೀ ದಕ್ಷಿಣವನ್ನು ಹಾಡಿದ. ಅದು ಪರಂಪರೆ ಅಲ್ಲವೆ? ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯ ಹಿಡಿದು ದೇವಾಸಕ್ಕೆ ಹೋಗಿ, ಹಾಸಿಗೆಯಲ್ಲಿ ಮಲಗಿ ಮಾಳವದ ಹೆಂಗಸರ ಹಾಡು ಕೇಳಿದರು. ಆ ಹಾಡುಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ಅವರು ಮಾಳವದವರೋ ಬೆಳಗಾವಿಯವರೋ ಎಂದು ಕೇಳಿದರೆ ನಾನಂತೂ ಎರಡೂ ಎನ್ನುತ್ತೇನೆ.

ಇನ್ನು ಆಸ್ತೂರಿಯಾಸಿನ ಜನರ ನಾದ ಬೇಕಿದ್ದರೆ ಗೈತಾ ಕೇಳಿ. ಅದು ಚೀಲದ ವಾದ್ಯ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯವರ ಪೈಪ್ ಬ್ಯಾಂಡ್ ಕೇಳಿದ್ದರೆ ಅದರ ಬಂಧು ನಿಮಗೆ ಪರಿಚಯವೇ. ಕೈಯಲ್ಲಿ ಹಿಡಿದ ಕೊಳವೆಯಲ್ಲಿ ಹಾಡು, ಹೆಗಲ ಮೇಲೆ ಮಲಗಿದ ಉದ್ದನೆಯ ಕೊಳವೆಯಲ್ಲಿ ಬಿಡದೆ ಮೊಳಗುವ ಕೆಳಗಿನ ಸಾ. ನಮ್ಮ ಸನಾದಿಯವರ ಹಿಂದೆ ಕೂತು ಬರೀ ಶ್ರುತಿ ಹಿಡಿಯುವ ಮನುಷ್ಯನನ್ನು ಚೀಲದೊಳಗೆ ಕೂಡಿಸಿದಂತೆ. ರಷ್ಯಾದ ರಿಮ್ಸ್ಕಿ ಕೊರ್ಸಕೋವ್ 1887ರಲ್ಲಿ ಸ್ಪೇನಿನ ಹೆಸರಲ್ಲಿ ಒಂದು ವಾದ್ಯವೃಂದದ ಕೃತಿ ಬರೆದ. ಅದು ಶುರುವಾಗುವುದೇ ಆಸ್ತೂರಿಯಾಸಿನ ಮುಂಜಾವಿನ ಹಾಡಿನಿಂದ. ಅದನ್ನೂ ಈ ಪಿಯಾನೊ ತುಣುಕನ್ನೂ ಒಂದಾದ ಮೇಲೊಂದು ಕೇಳಿದರೆ ವ್ಯತ್ಯಾಸ ಮಗುವಿಗೂ ತಿಳಿಯುತ್ತದೆ.

ತಬಲಾ, ಶಹಾಪುರ ಬೆಳಗಾವಿ:

ತಾಳದ ಮಂದಿಗೆ ಒಂದ ಮಾತು. ಆಸ್ತೂರಿಯಾಸಿನ ಪೂರ್ವಕ್ಕ ಹಂಗ ದಂಡಿ ಹಿಡದು ಹೋದ್ರ ಬಾಸ್ಕ್ ನಾಡು ಬರ್ತೈತಿ. ಅಲ್ಲಿ ಜೊರ್ತ್ಸಿಕೊ ಅಂತ ಐದು ಮಾತ್ರೆಯ ಕುಣಿತ ಐತಿ. ಎರಡು ಸುತ್ತು ಕೂಡಿದ್ರ ಹತ್ತು, ಝಪತಾಲದ ಲೆಕ್ಕ ಸಿಗ್ತೈತಿ, ಆದ್ರ ಒಡಿಯೂ ರೀತಿ ಬ್ಯಾರೆ, ಕುಂಟಿಕೋತ ನಡದಂಗ ಇರ್ತೈತಿ. ಅಲ್ಬೆನಿಜ್ 1890ರಾಗ ಬರದ ಆರು ಪಿಯಾನೊ ತುಣುಕಿನ ಎಸ್ಪಾನ್ಯಾ ಅನ್ನೂ ಮಾಲಿಕಿಯ ಕಡೀದು ಇದ. ಅಲ್ಲಿನ ವಾದ್ಯದವನ್ನ ನೋಡಬೇಕ್ರಿ. ಎಡಗೈಯಾಗ ಮೂರ ತೂತಿನ ಕೊಳಲು, ಅದ ತೋಳಿಗೆ ಜೋತುಬಿಟ್ಟ ಸಣ್ಣ ಡೋಲು, ಬಲಗೈಯಾಗ ಕೋಲು. ಒಬ್ಬನ ಊದ್ತಾನ, ಒಬ್ಬನ ಬಡೀತಾನ. ನಾನು ಎರಡು ಕೈ ಇಟಗೊಂಡು ತಬಲಾ ಒಂದನ್ನ ಮೂವತ್ತು ವರ್ಷ ಆತು ಕಲೀಲಿಕ್ಕೆ ಹತ್ತೀನಿ. ಆ ಮನಶಾಗ ದೂರದಿಂದನ ಕೈ ಮುಗೀತೀನಿ.

ಕ್ಯಾಂಪಿನ ಪಿಯಾನೊ:

ಗುಮ್ಮಟದ ಕಿವಿಯವರ ತಕರಾರು ಒಪ್ಪಿದೆ. ಕೈ ತೊಳಕೊಳ್ಳೋ ಮನಸ್ಸು ನನಗೂ ಇಲ್ಲ. ಆದ್ರ ಅಣ್ಣಾವ್ರ ಕೇಳಿದ್ದು ಮಳಿನಾಡಿನ ಹಾಡು ಪಿಯಾನೊದಾಗ ಎಲ್ಲದ ಅಂತ. ಅದು ಅದ. ಮತ್ತ ಅದನ್ನ ಬರದಾಂವ ಉತ್ತರದಾಂವಲ್ಲ, ತೀರಾ ದಕ್ಷಿಣದ ಕಾದಿಸ್ ಬಂದರಿನಾಂವ, ಮಾನ್ವೆಲ್ ದೆ ಫಾಯಾ.

ಫಾಯಾ 1907ರಿಂದ 1914ರ ತನಕ ಪ್ಯಾರಿಸಿನಾಗ ಇದ್ದ. ಕಿಸೆದಾಗ ರೊಕ್ಕ ಇಲ್ಲದ ದಿನಗಳು ಅವು. ಅಲ್ಲೇ ಅಲ್ಬೆನಿಜ್ ಅವನಿಗೆ ಆಸರಾದ. ಫಾಯಾನ ನಾಕು ಸ್ಪ್ಯಾನಿಷ್ ಪಿಯಾನೊ ತುಣುಕು 1909ರಾಗ ಅಚ್ಚಾದ್ವು, ಅವನ್ನ ಅಲ್ಬೆನಿಜನಿಗೇ ಅರ್ಪಿಸ್ಯಾನ. ಅದರೊಳಗ ಮೂರನೇದು ಮೊಂತಾನ್ಯೇಸಾ, ಆಸ್ತೂರಿಯಾಸಿನ ಮಗ್ಗಲಿಗೇ ಇರೋ ಕಾಂತಾಬ್ರಿಯಾದ ಗುಡ್ಡಗಾಡಿಂದು. ಶುರುವಿಗೆ ದೂರದ ಗಂಟಿ ಕೇಳ್ತದ, ಸಣ್ಣಗೆ, ಮಂಜಿನ ಆಚೆ ಯಾವುದೋ ಗುಡಿ ಇದ್ದಂಗ. ನಡಕ ಊರ ಮಂದಿಯ ಒಂದು ಹಾಡು ಓಡಿ ಬಂದು ಕುಣದು ಹೋಗ್ತದ, ಮತ್ತ ಮಂಜು ಮುಚ್ಚತದ. ನಾನು ಇದನ್ನ ಸಣ್ಣಾಕಿ ಇದ್ದಾಗ ಕಲಿತಾಗ ಗಂಟಿಗಳನ್ನ ಜೋರಾಗಿ ಬಡೀತಿದ್ದೆ. ನನಗ ಕಲಿಸಿದವರು ಕಿಡಕಿ ತಗದು, "ಹೊರಗಿಂದ ಕೇಳಬೇಕು, ಒಳಗಿಂದಲ್ಲ" ಅಂದ್ರು. ಆವತ್ತಿಂದ ಆ ತುಣುಕು ಬಾರಿಸುವಾಗ ಕಿಡಕಿ ಮುಚ್ಚಿಲ್ಲ.

ಇನ್ನೊಂದು ನಿಮಗಾಗೇ ಹೇಳ್ತೀನಿ, ಯಾಕಂದ್ರ ಇದನ್ನ ಪೇಟಿ ಮ್ಯಾಲ ತಗೀಬಹುದು. ಫಾಯಾ 1914ರಾಗ ಏಳು ಜನಪದ ಹಾಡಿಗೆ ಪಿಯಾನೊ ಕಟ್ಟಿದ, ಧ್ವನಿ ಮತ್ತ ಪಿಯಾನೊ ಎರಡ. ಮೂರನೇದರ ಹೆಸರು ಆಸ್ತೂರಿಯಾನಾ, ಅಂದ್ರ ಆಸ್ತೂರಿಯಾಸಿನಾಕಿ. ಹಾಡಿನ್ಯಾಗ ಇರೋದು ಇಷ್ಟ: ಸಮಾಧಾನ ಸಿಕ್ಕೀತು ಅಂತ ಒಂದು ಹಸರು ಪೈನ್ ಗಿಡಕ್ಕ ಒರಗಿದೆ, ನಾನು ಅಳೂದು ನೋಡಿ ಆ ಗಿಡನೂ ಅತ್ತಿತು. ಗಿಡ ಹಸರಿತ್ತು, ಅದಕ್ಕ ಅತ್ತಿತು. ಪಿಯಾನೊ ಮೆಲ್ಲಕ, ಒಂದ ಸಮ ನಡೀತಿರ್ತದ, ಎಲ್ಲೂ ದನಿ ಎತ್ತೂದಿಲ್ಲ. ಹಾಡಾಕಿ ಅಳೂದಿಲ್ಲ. ಹೇಳ್ತಾಳ ಅಷ್ಟ. ಇದು ಮಳಿನಾಡಿನ ದುಃಖ ಅಣ್ಣಾವ್ರ. ಆಂದಲೂಸಿಯಾದಾಗ ದುಃಖ ಎದಿ ಬಡಕೊಂಡು ಕೂಗ್ತದ.

ಕೇಳ್ಲಿಕ್ಕೆ ಅಲಿಸಿಯಾ ದೆ ಲಾರೋಚಾ ಅವರ ರೆಕಾರ್ಡಿಂಗ್ ಹುಡುಕ್ರಿ. 1923ರಾಗ ಬಾರ್ಸಿಲೋನಾದಾಗ ಹುಟ್ಟಿದವರು. ಭಾಳ ಸಣ್ಣ ಆಳ್ತನ, ಸಣ್ಣ ಕೈ. ಆ ಕೈಯಿಂದ ಇಡೀ ಇಬೇರಿಯಾ ಬಾರಿಸಿದವರು. ಮೊಂತಾನ್ಯೇಸಾನೂ ಬಾರಿಸ್ಯಾರ. ನನ್ನ ಹತ್ರ ಕಲಿಯೋ ಸಣ್ಣ ಕೈಯ ಹುಡುಗೇರಿಗೆ ನಾನು ಮೊದಲ ಹೇಳೋ ಹೆಸರು ಅವರದು.

ಗುಮ್ಮಟದ ಕಿವಿ, ವಿಜಯಪುರ:

ಮೇಡಂ, ಈ ಅದಲುಬದಲು ನನಗೆ ಹೊಳೆದಿರಲಿಲ್ಲ. ಉತ್ತರದವನು ದಕ್ಷಿಣವನ್ನು ಬರೆದ, ದಕ್ಷಿಣದವನು ಉತ್ತರವನ್ನು ಬರೆದು ಅವನಿಗೇ ಅರ್ಪಿಸಿದ.

ಕಾಕಾ, ನೀವು ಪಟ್ಟದಕಲ್ಲಿನ ನೆರೆಯವರು, ಅದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಆಸ್ತೂರಿಯಾಸಿನ ಒವಿಯೆದೊ ಪಟ್ಟಣದ ಪಕ್ಕದ ನರಾಂಕೊ ಗುಡ್ಡದ ಮೇಲೆ ದೊರೆ ಮೊದಲನೇ ರಾಮೀರೊ ಕಟ್ಟಿಸಿದ ಸಣ್ಣ ಅರಮನೆಯೊಂದಿದೆ, 848ರದ್ದು. ಆಮೇಲೆ ಚರ್ಚಾಯಿತು. ಅದೂ ಅದರ ಸುತ್ತಿನ ಹಳೆಯ ಚರ್ಚುಗಳೂ ಯುನೆಸ್ಕೊ ಪಟ್ಟಿಗೆ ಸೇರಿದ್ದು 1985ರಲ್ಲಿ, ನಮ್ಮ ಪಟ್ಟದಕಲ್ಲು ಸೇರಿದ್ದು 1987ರಲ್ಲಿ. ಕಲ್ಲಿಗೆ ಪಟ್ಟಿ ಸಿಕ್ಕಿತು. ಹಾಡಿಗೆ ಸಿಕ್ಕಿದ್ದು ಒಬ್ಬ ಮನುಷ್ಯನ ದುಡಿಮೆ. ಒವಿಯೆದೊದಲ್ಲೇ ಹುಟ್ಟಿದ ಎದುವಾರ್ದೊ ತೊರ್ನೆರ್ ಹಳ್ಳಿ ಹಳ್ಳಿ ತಿರುಗಿ 500 ಹಾಡುಗಳನ್ನು ಸ್ವರ ಸಮೇತ ಬರೆದುಕೊಂಡು 1920ರಲ್ಲಿ ಅಚ್ಚು ಹಾಕಿಸಿದ. ನಮ್ಮಲ್ಲಿ ಬೀಸುವ ಪದಗಳ ಮಾತುಗಳನ್ನು ಬರೆದುಕೊಂಡವರು ಬೇಕಾದಷ್ಟು ಜನ. ಸ್ವರ ಬರೆದುಕೊಂಡವರು ತೀರಾ ಕಡಿಮೆ. ಆ ಮಾತು ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದೆ. ನಿಮ್ಮಂಥ ಪೇಟಿಯವರು ಒಂದೊಂದು ಊರಲ್ಲಿ ಇದ್ದಾರೆ, ಮನಸ್ಸು ಮಾಡಿದರೆ ಆಗದ ಕೆಲಸವಲ್ಲ.

ಆ ಸೀಮೆಯ ಕಣಜದ ಫೋಟೊ ಸಿಕ್ಕರೆ ನೋಡಿ. ನಾಲ್ಕು ಕಂಬದ ಮೇಲೆ ಎತ್ತರಕ್ಕೆ ನಿಲ್ಲಿಸಿದ ಕಟ್ಟಿಗೆಯ ಮನೆ. ಇಲಿ ಹತ್ತದ ಹಾಗೆ ಪ್ರತಿ ಕಂಬದ ತಲೆಯ ಮೇಲೆ ಒಂದು ಅಗಲ ಚಪ್ಪಡಿ ಕಲ್ಲು. ನಾವು ಒಣ ನೆಲದವರು ಜೋಳವನ್ನು ಹಗೆಯಲ್ಲಿ ನೆಲದೊಳಗೆ ಇಳಿಸುತ್ತಿದ್ದೆವು. ಅವರು ಹಸಿ ನೆಲದವರು, ಕಾಳನ್ನು ಗಾಳಿಗೆ ಎತ್ತಿ ಇಟ್ಟರು.

ಗುಳೇದಗುಡ್ಡ ಪೇಟಿ:

ಎಲ್ಲಾರೂ ಇಷ್ಟು ಬರೀತೀರಿ ಅಂದ್ಕೊಂಡಿದ್ದಿಲ್ರಿ. ನಾಕ ಸಲ ಓದೀನಿ.

ಆಸ್ತೂರಿಯಾನಾ ಹಾಡನ್ನ ಮಗಳು ಕಳಿಸಿದ್ಲು. ಮೂರ ದಿನ ಮಗ್ಗ ಇಳದ ಮ್ಯಾಲ ಪೇಟಿ ಮುಂದ ಕುಂತೆ. ಬಲಗೈಲೆ ಹಾಡು ಬಂತು, ಎಡಗೈ ಗಾಳಿ ಹಾಕೂ ಭಾತಿಗೆ ಹೋಗ್ತೈತಿ, ಹಿಂಗಾಗಿ ಪಿಯಾನೊದ ನಡಿಗಿ ನನಗ ಸಿಗೂದಿಲ್ಲ. ಅದಕ್ಕ ಕೆಳಗಿನ ಸಾ ಒಂದನ್ನ ಒತ್ತಿ ಇಟಗೊಂಡು ಅದರ ಮ್ಯಾಲ ಹಾಡು ಬಿಟ್ಟೆ. ಗೈತಾದ ಮಾತು ಓದಿದ್ಮ್ಯಾಲ ಅದ ಸರಿ ಅನಿಸ್ತು.

ನಮ್ಮವ್ವ ಪಡಸಾಲ್ಯಾಗ ಕುಂತು ಕೇಳಾಕತ್ತಿದ್ಲು. ಎಂಬತ್ತು ದಾಟ್ಯಾಳ. ಬೀಸೂಕಲ್ಲಿನ ಮ್ಯಾಲ ಹಾಡಿದಾಕಿ. ಪದಾ ಏನು ಹೇಳ್ತೈತಿ ಅಂತ ಕೇಳಿದ್ಲು, ಗಿಡ ಅತ್ತದ್ದು ಹೇಳಿದೆ. ಸುಮ್ಮನ ಕುಂತ್ಲು. ಆಮ್ಯಾಲ, "ನೀ ಗಾಳಿ ಭಾಳ ಹಾಕಾಕತ್ತೀಯೋ" ಅಂದ್ಲು. "ಸಾಲು ಮುಗದಾಗ ಬಿಡಬೇಕು. ಒಂದ ಹಿಡಿ ಕಾಳು ಕಲ್ಲಿನ ಬಾಯಿಗೆ ಹಾಕೂವಷ್ಟು ಹೊತ್ತು ಸುಮ್ಮನಿರಬೇಕು. ಕಲ್ಲು ತಿರಗ್ತಿರ್ತೈತಿ, ನೀ ಸುಮ್ಮನಿರಬೇಕು."

ಎದ್ದು ಹೋಗಿ ರೆಕಾರ್ಡಿಂಗ್ ಮತ್ತ ಹಚ್ಚಿದೆ. ಖರೇರಿ. ಸಾಲು ಮುಗದಲ್ಲಿ ಹಾಡಾಕಿ ಬಿಡ್ತಾಳ, ಪಿಯಾನೊ ಮಾತ್ರ ತಿರಗ್ತಿರ್ತೈತಿ. ಮೂರ ದಿನ ಕೇಳಿದ್ರೂ ನನಗ ಅದು ಕೇಳಿದ್ದಿಲ್ಲ.

ಅವ್ವನ ಮುಂದ ಫೋನ್ ಇಟ್ಟು ಆಕಿ ಪದಗೋಳನ್ನ ರೆಕಾರ್ಡ್ ಮಾಡಾಕ ಶುರು ಮಾಡೀನಿ. ನಾಕು ಆಗ್ಯಾವ. ಸರಗಮ್ ಬರಕೊಳ್ಳಾಕತ್ತೀನಿ, ಆದ್ರ ಆಕಿ ಗಾಂಧಾರ ಪೇಟ್ಯಾಗ ಸಿಗವಲ್ದು, ಎರಡು ಹಲಗಿ ನಡಕ ಬೀಳ್ತೈತಿ. ಅದನ್ನ ಹೆಂಗ ಬರೀಬೇಕು ಗುಮ್ಮಟದ ತಮ್ಮಾ?

ಅಕ್ಕಾರ, ಮುಂದಿನ ಐತವಾರ ಮಗಳ್ನ ನೋಡಾಕ ಬೆಳಗಾವಿಗೆ ಬರಾಂವ ಅದೀನಿ. ಆ ಮೊಂತಾನ್ಯೇಸಾ ಒಮ್ಮಿ ಕೇಳಸ್ತೀರೇನ್ರಿ?

ಕ್ಯಾಂಪಿನ ಪಿಯಾನೊ:

ಬರ್ರಿ ಅಣ್ಣಾವ್ರ, ಪೇಟಿ ತಗೊಂಡ ಬರ್ರಿ. ನಿಮ್ಮ ಮಗಳ ಗೆಳತಿಯನ್ನೂ ಕರಕೊಂಡು ಬರ್ರಿ. ಮಳಿ ಇದ್ರ ಎರಡು ಹಲಗಿ ಅಂಟಬಹುದು, ಸಂಭಾಳಿಸ್ಕೊಂಡು ಬಾರಸ್ತೀನಿ. ಅವ್ವನ ರೆಕಾರ್ಡಿಂಗ್ ಇರೋ ಫೋನ್ ಮರೀಬ್ಯಾಡ್ರಿ. ಆ ಗಾಂಧಾರನ ನಾನೂ ಕೇಳಬೇಕು.